ಗಡಿಯ ಮಗುವಿನ ಮೊದಲ ತುತ್ತು: ಮಣ್ಣಿ, ಸರಿ, ಅಂಬಲಿ ಮತ್ತು ಅಂಗನವಾಡಿಯ ಪೊಟ್ಟಣ

 

ಗಡಿನಾಡಿನ ಚರಿತ್ರೆ ಅಂದಕೂಡಲೇ ನಾವೆಲ್ಲ ಮೂರು ಇಸವಿಗಳನ್ನು ಹೇಳುತ್ತೇವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಕೊಳ್ಳೇಗಾಲ ಮೈಸೂರಿಗೆ ಬಂತು, ಪಕ್ಕದ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ, ಅಕ್ಕಲಕೋಟೆ, ಜತ್ತದ ಒಂದಷ್ಟು ಹಳ್ಳಿಗಳು ಇವೆಲ್ಲ ಕರ್ನಾಟಕಕ್ಕೆ ಸೇರಬೇಕು ಅಂತ ಶಿಫಾರಸು ಮಾಡಿತು, ಅದು ಜಾರಿಗೆ ಬರಲಿಲ್ಲ. ಈ ಚರಿತ್ರೆಗೆ ಸಾಕ್ಷಿಗಳು ಜನಗಣತಿ, ಶಾಲೆ, ಕಂದಾಯದ ಕಡತ. ಅಡುಗೆಮನೆ ಸಾಕ್ಷಿ ಹೇಳಲು ಬಂದದ್ದು ಕಡಿಮೆ.

ಆದ್ದರಿಂದ ನಾನು ಇವತ್ತು ಸಣ್ಣದೊಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ನಕ್ಷೆಯ ಮೇಲೆ ಎಳೆದ ಈ ಗೆರೆ ಆರು ತಿಂಗಳ ಮಗುವಿನ ಬಟ್ಟಲನ್ನು ಯಾವಾಗ ಮುಟ್ಟಿತು? ನನ್ನ ಉತ್ತರ ಇಷ್ಟು: 1956ರಲ್ಲಿ ಮುಟ್ಟಲಿಲ್ಲ. ಆಗ ಬಟ್ಟಲಿನ ಗಡಿ ಬೆಳೆಯ ಗಡಿಯಾಗಿತ್ತು. ರಾಜ್ಯದ ಗಡಿ ಅಲ್ಲಿಗೆ ಬಂದದ್ದು ಅಂಗನವಾಡಿಯ ಪೊಟ್ಟಣದ ಜೊತೆಗೆ. ಆ ಹೊತ್ತಿಗೆ ನಮ್ಮ ಅಜ್ಜಿಯಂದಿರ ಕೈಯಲ್ಲಿದ್ದ ಒಂದು ವಿದ್ಯೆ, ಗೆರೆಯ ಎರಡೂ ಬದಿಯಲ್ಲಿ, ಕೈಬಿಟ್ಟು ಹೋಗುತ್ತಿತ್ತು.

ಬೆಳೆಯ ಗಡಿ

ಮೊದಲು ನನ್ನ ಕಡೆಯಿಂದಲೇ ಹೇಳ್ತೇನೆ. ಕಾಸರಗೋಡಿನ ನಮ್ಮ ಮನೆಯಲ್ಲಿ ಮಗುವಿಗೆ ಹಾಲಿನ ಜೊತೆ ಮೊದಲು ಕೊಡುತ್ತಿದ್ದದ್ದು ರಾಗಿ ಮಣ್ಣಿ. ರಾತ್ರಿ ರಾಗಿ ನೆನೆಹಾಕಿ, ಬೆಳಿಗ್ಗೆ ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುವುದು. ಅದು ತಳದಲ್ಲಿ ಕೂತ ಮೇಲೆ ಮೇಲಿನ ತಿಳಿನೀರು ಚೆಲ್ಲಿ, ಉಳಿದದ್ದಕ್ಕೆ ಸ್ವಲ್ಪ ಬೆಲ್ಲ ಹಾಕಿ, ಕೈಬಿಡದೆ ಮಗುಚಿ ಬೇಯಿಸುವುದು. ಮಲಯಾಳ ಮಾತಾಡುವ ನೆರೆಮನೆಯಲ್ಲೂ ಇದೇ ಕೆಲಸ. ಅವರು ರಾಗಿಗೆ ಮುತ್ತಾರಿ ಅನ್ನುತ್ತಾರೆ, ಮಗುವಿನ ಗಟ್ಟಿ ಗಂಜಿಗೆ ಕುರುಕ್ಕ್ ಅನ್ನುತ್ತಾರೆ. ಎರಡೂ ಮನೆಗಳಲ್ಲಿ ಕೂವೆಹುಡಿ ಇರುತ್ತಿತ್ತು. ಕುನ್ನನ್ ಬಾಳೆಕಾಯಿಯನ್ನು ಸೀಳಿ ಒಣಗಿಸಿ ಹುಡಿ ಮಾಡಿದ್ದೂ ಇರುತ್ತಿತ್ತು.

ಇಲ್ಲಿ ಗಮನಿಸಬೇಕಾದ್ದು: ಕರಾವಳಿ ಅಕ್ಕಿಯ ನಾಡು, ರಾಗಿಯದ್ದಲ್ಲ. ಹಿಂದೆ ಗುಡ್ಡಗಳಲ್ಲಿ ಕುಮೇರಿ ಬೇಸಾಯದಲ್ಲಿ ಒಂದಷ್ಟು ರಾಗಿ ಆಗುತ್ತಿತ್ತು, ಉಳಿದದ್ದು ಘಟ್ಟದ ಮೇಲಿಂದ ಇಳಿಯಬೇಕು. ದೊಡ್ಡವರು ಮೂರು ಹೊತ್ತೂ ಅನ್ನ ಉಣ್ಣುವ ಮನೆಯಲ್ಲಿ ಮಗುವಿಗೆ ಮಾತ್ರ ಹೊರಗಿನಿಂದ ಧಾನ್ಯ ತರಿಸುತ್ತಿದ್ದರು ಅಂದರೆ ಅದರ ಹಿಂದೆ ಒಂದು ತಿಳುವಳಿಕೆ ಉಂಟು.

ಘಟ್ಟ ಹತ್ತಿ ತಾಳವಾಡಿ, ಹೊಸೂರಿನ ಕಡೆ ಹೋದರೆ ಇದು ರಾಗಿ ಸರಿ. ಅಲ್ಲಿ ರಾಗಿ ಹೊಲದ್ದೇ ಬೆಳೆ, ಹಾಗಾಗಿ ದೊಡ್ಡವರಿಗೆ ಮುದ್ದೆ, ಮಗುವಿಗೆ ಸರಿ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡ ಹಿಟ್ಟು ಅದು. ಮಡಕಶಿರಾ ಕಡೆಯ ತೆಲುಗು ಮನೆಗಳಲ್ಲಿ ಇದರ ಬಂಧು ರಾಗಿ ಜಾವ. ಉತ್ತರಕ್ಕೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಕ್ಕೆ ಹೋದರೆ ನೆಲ ಕಪ್ಪಾಗುತ್ತದೆ, ಧಾನ್ಯ ಬಿಳಿಜೋಳ ಆಗುತ್ತದೆ. ಹೆಸರಾದ ಮಾಲದಂಡಿ ತಳಿ ಎಂ 35-1 ಆಯ್ಕೆಯಾದದ್ದು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲೇ. ಅಲ್ಲಿಯ ಮಗುವಿಗೆ ಜೋಳದ ಅಂಬಲಿ, ಬೇಳೆಕಟ್ಟು, ಹಾಲಿನಲ್ಲಿ ಹಿಸುಕಿದ ರೊಟ್ಟಿ.

ಅಂದರೆ ತಾಳವಾಡಿಯ ಮಗು ಮತ್ತು ಚಾಮರಾಜನಗರದ ಮಗು ಒಂದೇ ಬಟ್ಟಲಲ್ಲಿ ಉಣ್ಣುತ್ತಿದ್ದವು. ತಾಳವಾಡಿಯ ಮಗು ಮತ್ತು ಜತ್ತದ ಮಗು, ಇಬ್ಬರ ತಾಯಂದಿರೂ ಕನ್ನಡದವರೇ ಆದರೂ, ಬೇರೆ ಬೇರೆ ಬಟ್ಟಲಲ್ಲಿ. ಬಟ್ಟಲು ಭಾಷೆಯನ್ನು ಕೇಳುತ್ತಿರಲಿಲ್ಲ, ಮಣ್ಣನ್ನು ಕೇಳುತ್ತಿತ್ತು.

ಅಕ್ಕಿಯ ಶಾಸ್ತ್ರ, ರಾಗಿಯ ದಿನಚರಿ

ಶಾಸ್ತ್ರದಲ್ಲಿ ಮಾತ್ರ ಎಲ್ಲ ಕಡೆ ಅಕ್ಕಿಯದೇ ಮೇಲುಗೈ. ಅನ್ನಪ್ರಾಶನಕ್ಕೆ ಗೃಹ್ಯಸೂತ್ರಗಳು ಆರನೇ ತಿಂಗಳು ಹೇಳುತ್ತವೆ. ಕೇರಳದ ಚೋರೂಣ್ ಕೂಡ ಸಾಮಾನ್ಯವಾಗಿ ಆರನೇ ತಿಂಗಳಿಗೇ. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಎದೆಹಾಲು ಮಾತ್ರ ಸಾಕು ಅಂತ ಹೇಳಿದ್ದು 2001ರಲ್ಲಿ. ಇದನ್ನು ಹಿಡಿದು ‘ನಮ್ಮವರಿಗೆ ಮೊದಲೇ ಎಲ್ಲ ಗೊತ್ತಿತ್ತು’ ಅನ್ನುವುದು ಸುಲಭ. ನಾನು ಆ ದಾರಿ ಹಿಡಿಯುವುದಿಲ್ಲ. ಶಾಸ್ತ್ರದ ಒಂದು ತುತ್ತು ಅನ್ನ ಸಮಾರಂಭದ್ದು. ಮರುದಿನದಿಂದ ಮಗು ಬದುಕಬೇಕಾದದ್ದು ಅಡುಗೆಮನೆಯ ಗಂಜಿಯಿಂದ. ಚರಿತ್ರೆ ಬರೆದವರಿಗೆ ಸಮಾರಂಭ ಕಂಡಿತು, ಗಂಜಿ ಕಾಣಲಿಲ್ಲ.

ಮೊಳಕೆ ಮಾಡುವ ಕೆಲಸ

ಈಗ ಆ ವಿದ್ಯೆಯ ವಿಷಯ. ಆರು ತಿಂಗಳ ಮಗುವಿನ ಹೊಟ್ಟೆ ಸಣ್ಣದು, ಅದಕ್ಕೆ ಬೇಕಾದ ಶಕ್ತಿ ಜಾಸ್ತಿ. ಹಸಿ ಹಿಟ್ಟನ್ನು ಬೇಯಿಸಿದರೆ ಪಿಷ್ಟ ನೀರು ಹೀರಿ ಉಬ್ಬುತ್ತದೆ, ಸ್ವಲ್ಪ ಹಿಟ್ಟಿಗೇ ಗಂಜಿ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಮಗು ನುಂಗುವುದಿಲ್ಲ. ತಾಯಿ ನೀರು ಬೆರೆಸುತ್ತಾಳೆ. ಆಗ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಹಾಲು ಬಿಡಿಸುವ ತಿಂಗಳುಗಳಲ್ಲಿ ಮಕ್ಕಳು ಸೊರಗುವುದಕ್ಕೆ ಇದೂ ಒಂದು ಕಾರಣ.

ಕಾಳು ಮೊಳೆತಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಏಳುತ್ತದೆ, ಅದು ಪಿಷ್ಟವನ್ನು ತುಂಡು ಮಾಡುತ್ತದೆ. ಮೊಳಕೆ ಹಿಟ್ಟಿನ ಗಂಜಿ ತೆಳುವಾಗಿಯೇ ಇರುತ್ತದೆ, ಆದರೆ ಅದರಲ್ಲಿ ಹಿಟ್ಟು ಹೆಚ್ಚು ಹಿಡಿಸುತ್ತದೆ. ಸರಿ ಹಿಟ್ಟಿನ ಗುಟ್ಟು ಇದೇ. ರಾಗಿಗೆ ಈ ಶಕ್ತಿ ಚೆನ್ನಾಗಿ ಉಂಟು. ಜೋಳಕ್ಕೆ ಮೊಳಕೆಯ ದಾರಿ ಅಷ್ಟು ಸಲೀಸಲ್ಲ: ಜೋಳದ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಮೊಳಕೆ ಉಜ್ಜಿ ತೆಗೆದು ಹದ ಮಾಡಬೇಕು. ಎಳೆ ಜೋಳ ಮೇಯ್ದ ದನ ಸಾಯುವುದು ಆ ಕಡೆಯ ರೈತರಿಗೆಲ್ಲ ಗೊತ್ತು. ಅಲ್ಲಿ ಕೈಹಿಡಿದದ್ದು ಹುಳಿ ಬರಿಸುವ ಅಂಬಲಿಯ ದಾರಿ.

ಕೂನೂರಿನಿಂದ ಮೈಸೂರಿಗೆ

ಈ ವಿದ್ಯೆ ಪ್ರಯೋಗಾಲಯಕ್ಕೆ ಹೋದ ಕತೆಯೂ ನಮ್ಮ ಗಡಿಯಲ್ಲೇ ನಡೆದದ್ದು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆ ಶುರು ಮಾಡಿದರು. ಅದೇ ಮುಂದೆ ಪೌಷ್ಟಿಕತೆಯ ಪ್ರಯೋಗಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಕೂನೂರಿನಲ್ಲಿದ್ದಾಗಲೇ, 1937ರಲ್ಲಿ, ಆಕ್ರಾಯ್ಡ್ ಅವರು ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿ ಹೊರತಂದರು. ಆ ಸಂಸ್ಥೆಯ ಮುಂದಿನ ಪಟ್ಟಿಗಳಲ್ಲಿ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಉಂಟು. ಜೋಳದಲ್ಲಿ 25, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬರೇ 10. ಕೂನೂರಿನ ಸುತ್ತಲಿನ ಬಡಗರ ಹಟ್ಟಿಗಳಲ್ಲಿ ತಲೆಮಾರುಗಳಿಂದ ಬೆಳೆದು ಉಂಡ ಧಾನ್ಯಕ್ಕೆ ಹೀಗೆ ಒಂದು ಅಂಕಿ ಸಿಕ್ಕಿತು.

ಎರಡನೆಯ ಘಟ್ಟ ಮೈಸೂರು. 1950ರಲ್ಲಿ ಅಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿ ಮಾಡುವ ವಿಧಾನ ಕಂಡುಹಿಡಿಯಿತು, ಅಮುಲ್ ಅದನ್ನು ಡಬ್ಬಿಯಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳು ಸೇರಿಸಿದ ಶಿಶು ಆಹಾರದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದು ಹೇಳುವುದು ಗಂಜಿ ತೆಳುವಾಗುವ ಗುಣದ ಬಗ್ಗೆಯೇ. ಹೆಸರುಕಾಳು ಯಾಕೆ? ರಾಗಿಯಲ್ಲಿ ಪ್ರೊಟೀನ್ ಕಡಿಮೆ. ಬರೇ ರಾಗಿ ಸಾಕಾಗುವುದಿಲ್ಲ ಎಂಬ ಎಚ್ಚರ ಅದರಲ್ಲಿತ್ತು. ಹಳೆಯದ್ದೆಲ್ಲ ಪೂರ್ತಿ ಸರಿ ಇತ್ತು ಅನ್ನುವವರು ಇದನ್ನು ನೆನಪಿಡಬೇಕು. ಮಣ್ಣಿಗೆ ಹಾಕುತ್ತಿದ್ದ ಬೆಲ್ಲವನ್ನೂ ಇಂದು ವೈದ್ಯರು ಒಂದು ವರ್ಷದವರೆಗೆ ಬೇಡ ಅನ್ನುತ್ತಾರೆ.

ಪ್ರಬಂಧಗಳು ಗ್ರಂಥಾಲಯಕ್ಕೆ ಹೋದವು, ಡಬ್ಬಿಗಳು ಊರಿಗೆ ಬಂದವು. ಡಬ್ಬಿಯ ಜಾಹೀರಾತಿಗೆ ಕಡಿವಾಣ ಬಿದ್ದದ್ದು 1992ರ ಕಾಯಿದೆಯಿಂದ. ಅಷ್ಟರಲ್ಲಿ ಪೇಟೆ ಹತ್ತಿರದ ಮನೆಗಳಲ್ಲಿ ‘ಡಬ್ಬಿ ಹಾಲು ಕುಡಿದ ಮಗು’ ಅನ್ನುವುದು ಅಂತಸ್ತಿನ ಮಾತಾಗಿತ್ತು.

ಪೊಟ್ಟಣದ ಗಡಿ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಯೋಜನೆ ಕೇಂದ್ರದ್ದು, ಆಹಾರ ಯಾವುದು ಅನ್ನುವುದು ರಾಜ್ಯಕ್ಕೆ ಬಿಟ್ಟದ್ದು. ಹೀಗೆ ಬಟ್ಟಲಿಗೆ ರಾಜ್ಯ ಬಂತು. ಇವತ್ತು ಗಡಿಯ ಉದ್ದಕ್ಕೆ ನಡೆದು ನೋಡಿ: ಚಾಮರಾಜನಗರದಲ್ಲಿ ‘ಪುಷ್ಟಿ’, ತಾಳವಾಡಿಯಲ್ಲಿ ‘ಸತ್ತು ಮಾವು’. ಬಳ್ಳಾರಿಯಲ್ಲಿ ‘ಪುಷ್ಟಿ’, ರಾಯದುರ್ಗದಲ್ಲಿ ‘ಬಾಲಾಮೃತಂ’. ಉಳ್ಳಾಲದಲ್ಲಿ ‘ಪುಷ್ಟಿ’, ತಲಪಾಡಿ ದಾಟಿ ಮಂಜೇಶ್ವರಕ್ಕೆ ಬಂದರೆ ‘ಅಮೃತಂ’. ಒಂದೇ ಹೊಲ, ಒಂದೇ ಸಂತೆ, ಪೊಟ್ಟಣ ಬೇರೆ.

ಅಮೃತಂ ಬಗ್ಗೆ ಒಂದು ಮಾತು ಸೇರಿಸಬೇಕು. ಅದರ ಸೂತ್ರ ಸಿದ್ಧವಾದದ್ದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ. 1916ರಲ್ಲಿ ಮದ್ರಾಸ್ ಸರ್ಕಾರ ತೆಂಗಿನ ಸಂಶೋಧನೆಗೆ ಅಂತ ಶುರು ಮಾಡಿದ ಕೇಂದ್ರ ಅದು. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ ಹಾಕಿ ಕುಟುಂಬಶ್ರೀಯ ಹೆಂಗಸರೇ ತಯಾರಿಸುತ್ತಾರೆ. ಇದನ್ನು ಹಗುರವಾಗಿ ನೋಡಬಾರದು. ಕೂಲಿಗೆ ಹೋಗುವ ತಾಯಿಗೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸುವ ನಾಲ್ಕೈದು ದಿನದ ಪುರುಸೊತ್ತು ಎಲ್ಲಿ? ಪೊಟ್ಟಣ ಆ ತಾಯಿಯ ಕೈಗೆ ಬೇಳೆಯನ್ನೂ ಎಣ್ಣೆಕಾಳನ್ನೂ ಒಟ್ಟಿಗೆ ತಲುಪಿಸಿತು.

ಆದರೆ ಲೆಕ್ಕದ ಇನ್ನೊಂದು ಬದಿಯೂ ಉಂಟು. ಕರಾವಳಿಗೆ ಗೋಧಿ ಹೊರಗಿನದು. ಗೋಧಿ ಕಟ್ಟಿದ ಪೊಟ್ಟಣ ಬಂದಲ್ಲಿ ಮೊಳಕೆ ಕಟ್ಟುವ ಬಟ್ಟೆ ಗೂಟ ಸೇರಿತು. ಜೊತೆಗೆ ಮಾತೂ ಹೋಯಿತು. ಸರಿ, ಮಣ್ಣಿ ಇವು ಬರೇ ತಿಂಡಿಯ ಹೆಸರುಗಳಲ್ಲ, ವಿಧಾನದ ಹೆಸರುಗಳು. ಸರಿ ಅಂದಾಗ ಮೊಳಕೆ, ಮಣ್ಣಿ ಅಂದಾಗ ಹಿಂಡಿ ತೆಗೆದ ಹಾಲು ತಾನಾಗಿ ಬರುತ್ತದೆ. ಸತ್ತು ಮಾವು, ಅಮೃತಂ ಅಂದಾಗ ಹಾಗೆ ಯಾವ ವಿಧಾನವೂ ಬರುವುದಿಲ್ಲ. ಕನ್ನಡ ಮಾತ್ರ ಓದಬಲ್ಲ ಅಜ್ಜಿ, ಮೊಮ್ಮಗುವಿನ ಊಟದ ವಿಷಯದಲ್ಲಿ ಮನೆಯೊಳಗೆ ಬಲ್ಲವಳಾಗಿದ್ದವಳು, ಈಗ ಕೇಳಿ ತಿಳಿದುಕೊಳ್ಳುವವಳಾದಳು. ಗಡಿನಾಡಿನಲ್ಲಿ ಶಾಲೆ, ಕಚೇರಿಗಳ ಕನ್ನಡದ ಬಗ್ಗೆ ನಾವು ಹೋರಾಡಿದ್ದೇವೆ. ಅಡುಗೆಮನೆಯ ಕನ್ನಡ ಸದ್ದಿಲ್ಲದೆ ಬಿದ್ದುಹೋಯಿತು.

ಮಾಡಬಹುದಾದದ್ದು ಎರಡು ಕೆಲಸ. ಒಂದು ನಮ್ಮದು, ವಿದ್ಯಾರ್ಥಿಗಳದ್ದು. ಎಪ್ಪತ್ತು ದಾಟಿದ ಹೆಂಗಸರ ಹತ್ತಿರ ಕೂತು ಹೆಸರು, ಧಾನ್ಯ, ನೆನೆಸುವ ಗಂಟೆ, ಸೋಸುವ ಬಟ್ಟೆ, ಯಾವ ತಿಂಗಳಿಂದ ಎಷ್ಟು ಗಟ್ಟಿ ಇಷ್ಟನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳುವುದು. ಕಾಸರಗೋಡಿನಿಂದ ಜತ್ತದವರೆಗೆ ಒಂದೇ ಪ್ರಶ್ನಾವಳಿ ಸಾಕು. ಇನ್ನೊಂದು, ಪೊಟ್ಟಣ ಮತ್ತು ಮೊಳಕೆಯನ್ನು ಎದುರಾಳಿ ಮಾಡದಿರುವುದು. ಗೋಧಿಹಿಟ್ಟಿನ ಗಂಜಿ ಗಟ್ಟಿಯಾದಾಗ ನೀರಿನ ಬದಲು, ಒಲೆಯಿಂದ ಇಳಿಸಿ ಉಣ್ಣುವಷ್ಟು ಬಿಸಿಗೆ ಬಂದ ಮೇಲೆ, ಒಂದು ಚಮಚ ಹುರಿದ ಮೊಳಕೆ ರಾಗಿ ಹಿಟ್ಟು ಕದಡಿದರೆ ಅದೇ ಕಿಣ್ವ ಗಂಜಿಯನ್ನು ತೆಳು ಮಾಡುತ್ತದೆ. ತುಂಬ ಹುರಿಯಬಾರದು, ಕುದಿಯುವಾಗ ಹಾಕಬಾರದು, ಕಿಣ್ವ ಸಾಯುತ್ತದೆ. ಸರ್ಕಾರದ ಹಿಟ್ಟು ಮತ್ತು ಅಜ್ಜಿಯ ಹಿಟ್ಟು ಒಂದೇ ಬಟ್ಟಲಲ್ಲಿ ಸೇರುವುದಕ್ಕೆ ಯಾವ ಆಯೋಗದ ಶಿಫಾರಸೂ ಬೇಡ.

ಇಷ್ಟು ನನ್ನ ಮಾತು. ಹೊಸೂರು ಮತ್ತು ಆದವಾನಿ ಕಡೆಯ ಸ್ನೇಹಿತರು ಇದ್ದೀರಿ. ನಿಮ್ಮ ಮನೆಗಳಲ್ಲಿ ಮಗುವಿನ ಮೊದಲ ಗಂಜಿಗೆ ಏನಂತ ಹೇಳ್ತಾರೆ, ಮೊದಲು ಅದನ್ನೇ ಹೇಳಿ. ಆಮೇಲೆ ಪ್ರಶ್ನೆಗಳಿಗೆ ಹೋಗೋಣ.