ಎದೆಯುರಿಯ ಅರಿವಿಗೆ ತೆತ್ತ ಬೆಲೆ

ಎದೆಯುರಿ ಎಂಬ ಹೆಸರಿನಲ್ಲಿ ಎದೆ ಇದ್ದರೂ ಅದು ಹೃದಯದ ರೋಗವಲ್ಲ. ಜಠರದಲ್ಲಿ ಇರಬೇಕಾದ ಹುಳಿರಸವು ಅನ್ನನಾಳಕ್ಕೆ ಏರಿ ಬಂದಾಗ ಎದೆಗೂಡಿನ ನಡುವೆ ಉಂಟಾಗುವ ದಾಹವೇ ಎದೆಯುರಿ. ಉಂಡ ಮೇಲೆ ಬಗ್ಗಿದರೆ, ಒರಗಿದರೆ ಅದು ಹೆಚ್ಚುತ್ತದೆ, ಗಂಟಲಿಗೆ ಹುಳಿ ಬರುತ್ತದೆ, ನಿದ್ದೆ ಕೆಡುತ್ತದೆ. ಇಂದು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದಾದ ಈ ಸಂಗತಿಯನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಬಹುಕಾಲ ಬೇಕಾಯಿತು. ಆ ಅರಿವಿನ ದಾರಿಯಲ್ಲಿ ಒಬ್ಬ ಅನಕ್ಷರಸ್ಥ ಕೂಲಿಯವನ ಹೊಟ್ಟೆಯ ತೂತು ಇದೆ. ಅವನು ಸಹಿಯ ಬದಲು ಗೀಟು ಎಳೆದ ಒಂದು ಕರಾರುಪತ್ರವೂ ಇದೆ.

ನಮ್ಮ ಪ್ರಾಚೀನರು ಈ ವ್ಯಾಧಿಯನ್ನು ಅರಿಯದವರಲ್ಲ. ಕಾಶ್ಯಪ ಸಂಹಿತೆಯಲ್ಲಿಯೂ ಮಾಧವ ನಿದಾನದಲ್ಲಿಯೂ ಅಮ್ಲಪಿತ್ತವೆಂಬ ರೋಗವನ್ನು ಪ್ರತ್ಯೇಕವಾಗಿ ವರ್ಣಿಸಲಾಗಿದೆ. ಹುಳಿಯಾದ, ಕಹಿಯಾದ ತೇಗು, ಎದೆ ಮತ್ತು ಕಂಠದ ದಾಹ, ಅನ್ನದಲ್ಲಿ ಅರುಚಿ ಮುಂತಾದ ಲಕ್ಷಣಗಳನ್ನು ಹೇಳಿ, ದೋಷವು ಮೇಲಕ್ಕೆ ಹರಿಯುವುದು ಒಂದು ಬಗೆ, ಕೆಳಕ್ಕೆ ಹರಿಯುವುದು ಇನ್ನೊಂದು ಬಗೆ ಎಂದು ಮಾಧವಕರನು ವಿಂಗಡಿಸಿದ್ದಾನೆ. ಮೇಲಕ್ಕೆ ಹರಿಯುವುದೆಂಬ ಆ ಒಂದು ಮಾತು ಗಮನಾರ್ಹ. ಸಮಂತಭದ್ರಾಚಾರ್ಯರನ್ನು ಕಾಡಿತೆಂದು ಪರಂಪರೆ ಹೇಳುವ ಭಸ್ಮಕವ್ಯಾಧಿಯನ್ನು ಮಾತ್ರ ಇದರೊಡನೆ ಬೆರೆಸಬಾರದು. ಅದು ಉಂಡದ್ದೆಲ್ಲ ಭಸ್ಮವಾಗಿ ಹಸಿವು ತಣಿಯದ ಸ್ಥಿತಿ. ಇದು ಉಂಡದ್ದು ಹಿಂದಿರುಗಿ ಸುಡುವ ಸ್ಥಿತಿ.

ಪಾಶ್ಚಾತ್ಯರಲ್ಲಿ ಜೀರ್ಣಕ್ರಿಯೆಯ ಸ್ವರೂಪದ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ವಾದವಿವಾದಗಳಿದ್ದವು. ಜಠರವು ಆಹಾರವನ್ನು ಅರೆಯುವ ಕಲ್ಲೆಂದು ಕೆಲವರು, ಬೇಯಿಸುವ ಪಾತ್ರೆಯೆಂದು ಕೆಲವರು, ಕೊಳೆಸುವ ಗುಡಾಣವೆಂದು ಮತ್ತೆ ಕೆಲವರು ಹೇಳುತ್ತಿದ್ದರು. 1823ರಲ್ಲಿ ಲಂಡನ್ನಿನ ವಿಲಿಯಂ ಪ್ರೌಟ್ ಎಂಬ ವೈದ್ಯ ಪ್ರಾಣಿಗಳ ಜಠರದಲ್ಲಿರುವ ಹುಳಿಯು ಹೈಡ್ರೋಕ್ಲೋರಿಕ್ ಆಮ್ಲವೆಂದು ತೋರಿಸಿಕೊಟ್ಟ. ಅಷ್ಟು ತೀಕ್ಷ್ಣವಾದ ಆಮ್ಲ ಜೀವಂತ ದೇಹದೊಳಗೆ ಇರಲು ಸಾಧ್ಯವೇ ಎಂಬ ಸಂಶಯ ಹಲವರಿಗಿತ್ತು. ಸಂಶಯ ತೀರಬೇಕಾದರೆ ಜೀವಂತ ಮನುಷ್ಯನ ಜಠರದೊಳಗೆ ಯಾರಾದರೂ ಇಣುಕಿ ನೋಡಬೇಕಾಗಿತ್ತು.

ಅಂತಹ ಕಿಂಡಿಯೊಂದು ಅದಕ್ಕೂ ಒಂದು ವರ್ಷ ಮೊದಲೇ ಆಕಸ್ಮಿಕವಾಗಿ ತೆರೆದಿತ್ತು. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಕಂಪನಿಯ ಅಂಗಡಿಯಲ್ಲಿ, ಯಾರದೋ ಕೈಯ ಬಂದೂಕು ತಾನಾಗಿ ಹಾರಿತು. ಎದುರಿಗಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ಕೆನಡಾದ ತರುಣನ ಎಡಪಕ್ಕೆ ಸೀಳಿಹೋಯಿತು. ಅವನು ತುಪ್ಪಳದ ಮೂಟೆಗಳನ್ನು ದೋಣಿಯಲ್ಲಿ ಸಾಗಿಸುವ ಕೂಲಿ. ಸೈನ್ಯದ ವೈದ್ಯನಾದ ವಿಲಿಯಂ ಬೋಮಾಂಟ್ ಚಿಕಿತ್ಸೆಗೆ ಬಂದ. ತರುಣ ಬದುಕುವನೆಂದು ಆ ವೈದ್ಯನಿಗೇ ನಂಬಿಕೆಯಿರಲಿಲ್ಲ, ಆದರೂ ಬದುಕಿದ. ಗಾಯ ಮಾಯಿತು, ತೂತು ಮುಚ್ಚಲಿಲ್ಲ. ಜಠರದ ಅಂಚು ಪಕ್ಕೆಯ ಚರ್ಮಕ್ಕೆ ಅಂಟಿಕೊಂಡು ಒಂದು ಶಾಶ್ವತವಾದ ದ್ವಾರ ಉಳಿಯಿತು. ಪಟ್ಟಿ ಕಟ್ಟದಿದ್ದರೆ ಉಂಡದ್ದು ಅದರಿಂದ ಹೊರಬರುತ್ತಿತ್ತು. ಸ್ಥಳೀಯ ಆಡಳಿತ ಅವನ ಪೋಷಣೆಯ ಹೊರೆಯನ್ನು ಇಳಿಸಿಕೊಂಡಾಗ ಬೋಮಾಂಟ್ ಅವನನ್ನು ತನ್ನ ಮನೆಗೇ ಕರೆದುಕೊಂಡು ಹೋದ. ಈ ಉಪಕಾರವನ್ನು ಮರೆತು ಮುಂದಿನ ಕಥೆಯನ್ನು ಓದುವುದು ನ್ಯಾಯವಲ್ಲ.

1825ರ ಆಗಸ್ಟ್ 1ರಂದು ಮೊದಲ ಪ್ರಯೋಗ ನಡೆಯಿತು. ಬ್ರೆಡ್ಡು, ಕೋಸು, ಮಾಂಸದ ಚೂರುಗಳನ್ನು ರೇಷ್ಮೆದಾರಕ್ಕೆ ಕಟ್ಟಿ ಆ ತೂತಿನ ಮೂಲಕ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಲಾಯಿತು. ಒಂದು ಗಂಟೆಯಲ್ಲಿ ಬ್ರೆಡ್ಡು ಮತ್ತು ಕೋಸು ಅರ್ಧ ಕರಗಿದ್ದವು. ಮಾಂಸ ಹಾಗೆಯೇ ಇತ್ತು. ಕೆಲವೇ ವಾರಗಳಲ್ಲಿ ಅಲೆಕ್ಸಿಸ್ ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ. ಅಲ್ಲಿ ಮದುವೆಯಾಗಿ ಮಕ್ಕಳ ತಂದೆಯಾದ. ಬಡತನ ಅವನನ್ನು 1829ರಲ್ಲಿ ಮತ್ತೆ ವೈದ್ಯನ ಬಳಿಗೆ ತಂದಿತು. 1831ರಲ್ಲಿ ಪುನಃ ಊರಿಗೆ ಮರಳಿದ. ಇನ್ನು ಬಾಯಿಮಾತು ಸಾಲದೆಂದು ಬೋಮಾಂಟ್ 1832ರ ಅಕ್ಟೋಬರ್‌ನಲ್ಲಿ ಕರಾರುಪತ್ರ ಬರೆಸಿದ.

ಲೆಕ್ಕಪತ್ರಗಳ ಪರಿಚಯವುಳ್ಳವರು ಈ ಕರಾರನ್ನು ನಿಧಾನವಾಗಿ ಓದಬೇಕು. ಅಲೆಕ್ಸಿಸ್ ಒಂದು ವರ್ಷ ಕಾಲ ವೈದ್ಯನೊಡನೆ ಇರತಕ್ಕದ್ದು, ಅವನು ಹೋದಲ್ಲಿಗೆ ಹೋಗತಕ್ಕದ್ದು, ಮನೆಗೆಲಸ ಮಾಡತಕ್ಕದ್ದು, ತನ್ನ ಜಠರದ ಮೇಲೆ ಅವನು ನಡೆಸುವ ಪ್ರಯೋಗಗಳಿಗೆ ಒಳಪಡತಕ್ಕದ್ದು. ಪ್ರತಿಯಾಗಿ ಊಟ, ವಸತಿ, ಬಟ್ಟೆ, ಮತ್ತು ವರ್ಷಕ್ಕೆ 150 ಡಾಲರ್. ಅದರಲ್ಲಿ 40 ಡಾಲರ್ ಮುಂಗಡ, ಉಳಿದದ್ದು ಅವಧಿ ಮುಗಿದ ಮೇಲೆ. ಒಂದು ಕಡೆ ಓದುಬರಹ ಬಲ್ಲ ಅಧಿಕಾರಿ, ಇನ್ನೊಂದು ಕಡೆ ಪ್ರಾಣ ಉಳಿಸಿದ ಋಣವನ್ನು ಹೊತ್ತ, ಸಂಸಾರದ ಕಷ್ಟದಲ್ಲಿದ್ದ ಕೂಲಿಯವನು. ಅಮೆರಿಕದ ಆ ಕರಾರಿಗೆ ನಮ್ಮ ಕಾನೂನು ಅನ್ವಯಿಸದು, ನಿಜ. ಆದರೂ ಭಾರತದ 1872ರ ಕರಾರು ಅಧಿನಿಯಮದ 14 ಮತ್ತು 16ನೆಯ ಪ್ರಕರಣಗಳನ್ನು ಬಲ್ಲವರಿಗೆ ಇಲ್ಲಿ ಒಂದು ಪ್ರಶ್ನೆ ಏಳದೆ ಇರದು: ಇದು ಮುಕ್ತ ಸಮ್ಮತಿಯೇ? ರೋಗದಿಂದಲೋ ದೇಹದ ಸಂಕಟದಿಂದಲೋ ಕುಗ್ಗಿದವನ ಮೇಲೆ ಇನ್ನೊಬ್ಬನಿಗಿರುವ ಪ್ರಭಾವವನ್ನು ಆ ಅಧಿನಿಯಮ ಸಂಶಯದಿಂದಲೇ ನೋಡುತ್ತದೆ. ವೈದ್ಯನು ಮೋಸಗಾರನಾಗಿರಲಿಲ್ಲ, ಹಣವನ್ನೂ ತನ್ನ ಕೈಯಿಂದ ಸಾಕಷ್ಟು ಖರ್ಚು ಮಾಡಿದ. ಆದರೆ ಪತ್ರದ ಒಂದು ಬದಿಯಲ್ಲಿ ವಿದ್ಯೆಯ ಲಾಭವೆಲ್ಲ ಜಮೆಯಾಗಿ, ಇನ್ನೊಂದು ಬದಿಯಲ್ಲಿ ದೇಹದ ಕಿರುಕುಳವೆಲ್ಲ ಖರ್ಚಾಗಿ ಬಿದ್ದಿತು. ಪ್ರಯೋಗದ ವೇಳೆ ತನಗೆ ಸಂಕಟವಾಗುತ್ತದೆಂದು ಅಲೆಕ್ಸಿಸ್ ದೂರಿದ್ದುಂಟು. ಅವನು ಸಿಟ್ಟಿಗೆದ್ದಾಗ ಜಠರದಲ್ಲಿ ಆಗುವ ವ್ಯತ್ಯಾಸವನ್ನೂ ಬೋಮಾಂಟ್ ಒಂದು ಪ್ರಯೋಗದ ಫಲವೆಂದೇ ಬರೆದುಕೊಂಡ.

1833ರಲ್ಲಿ ಬೋಮಾಂಟ್‌ನ ಗ್ರಂಥ ಪ್ರಕಟವಾಯಿತು. ಜಠರರಸದಲ್ಲಿ ಆಮ್ಲವಿರುವುದು, ಆಹಾರ ಬಿದ್ದಾಗ ಆ ರಸ ಒಸರುವುದು, ದೇಹದಿಂದ ಹೊರತೆಗೆದು ಗಾಜಿನ ಪಾತ್ರೆಯಲ್ಲಿ ಇಟ್ಟರೂ ಅದು ಆಹಾರವನ್ನು ಕರಗಿಸುವುದು, ಮದ್ಯಪಾನದಿಂದ ಜಠರದ ಒಳಪದರ ಕೆಂಪೇರುವುದು, ಹಾಗಿದ್ದರೂ ಕುಡಿದವನಿಗೆ ಅದರ ಅರಿವೇ ಆಗದಿರುವುದು, ಇವೆಲ್ಲ ಕಣ್ಣಾರೆ ಕಂಡ ಸತ್ಯಗಳಾಗಿ ಲೋಕಕ್ಕೆ ದೊರೆತವು. 1834ರಲ್ಲಿ ಊರಿಗೆ ಹೋದ ಅಲೆಕ್ಸಿಸ್ ಮತ್ತೆ ಬರಲಿಲ್ಲ. ಬೋಮಾಂಟ್ ವರ್ಷಗಟ್ಟಲೆ ಪತ್ರ ಬರೆದು ಕರೆದ, 1853ರಲ್ಲಿ ತೀರಿಕೊಂಡ. ತೂತುಹೊಟ್ಟೆಯ ಕೂಲಿಯವನು ವೈದ್ಯನಿಗಿಂತ 27 ವರ್ಷ ಹೆಚ್ಚು ಬದುಕಿದ. 1880ರ ಜೂನ್‌ನಲ್ಲಿ ಅವನು ಸತ್ತಾಗ ಅವನ ಜಠರವನ್ನು ವಸ್ತುಸಂಗ್ರಹಾಲಯಕ್ಕೆ ಪಡೆಯಲು ವೈದ್ಯರು ಬಯಸಿದರು. ಮನೆಯವರು ಒಪ್ಪಲಿಲ್ಲ. ಯಾರೂ ಕತ್ತರಿಸಬಾರದೆಂದು ಶವವನ್ನು ಬೇಸಿಗೆಯ ಬಿಸಿಯಲ್ಲಿ ಕೆಡುವವರೆಗೂ ಇರಿಸಿಕೊಂಡು, ಅನಂತರ ಎಂಟು ಅಡಿ ಆಳದಲ್ಲಿ ಹೂಳಿದರು. ಬದುಕಿದ್ದಾಗ ಅವನು ಆಡಲಾಗದ ‘ಒಲ್ಲೆ’ ಎಂಬ ಮಾತನ್ನು ಅವನ ಸಂಸಾರ ಆಡಿತು.

ಮನುಷ್ಯನಲ್ಲಿ ಆಕಸ್ಮಿಕವಾಗಿ ಆದ ತೂತನ್ನು ವಿಜ್ಞಾನಿಗಳು ಮೂಕಪ್ರಾಣಿಗಳಲ್ಲಿ ಬೇಕೆಂದೇ ಮಾಡತೊಡಗಿದರು. 1840ರ ದಶಕದಲ್ಲಿ ರಷ್ಯ ಮತ್ತು ಫ್ರಾನ್ಸ್ ದೇಶಗಳಲ್ಲಿ ನಾಯಿಗಳ ಹೊಟ್ಟೆಗೆ ಕೊಳವೆ ಜೋಡಿಸುವ ಕ್ರಮ ಆರಂಭವಾಯಿತು. ಅದನ್ನು ಪರಿಪೂರ್ಣಗೊಳಿಸಿದ ಪಾವ್ಲೊವ್‌ಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅವನ ಪ್ರಯೋಗಾಲಯವು ನಾಯಿಗಳಿಂದ ತೆಗೆದ ಜಠರರಸವನ್ನು ಅಜೀರ್ಣದ ಔಷಧವೆಂದು ಮಾರಾಟವನ್ನೂ ಮಾಡುತ್ತಿತ್ತು ಎಂಬುದು ಅನೇಕರಿಗೆ ತಿಳಿಯದು. ಈ ಸಂದರ್ಭದಲ್ಲಿ ಉಗ್ರಾದಿತ್ಯಾಚಾರ್ಯರ ನೆನಪಾಗುವುದು ಸಹಜ. ಒಂಬತ್ತನೆಯ ಶತಮಾನದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದ ಅವರು ಚಿಕಿತ್ಸೆಗೆ ಮಾಂಸದ ಅಗತ್ಯವಿಲ್ಲವೆಂದು ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ವೈದ್ಯರ ಎದುರು ಪ್ರತಿಪಾದಿಸಿದರು. ಅದನ್ನು ಕೇವಲ ಮತಾಭಿಮಾನವೆಂದು ಎಣಿಸುವವರು ಆ ಗ್ರಂಥವನ್ನು ತೆರೆದು ನೋಡಿಲ್ಲ. ಅದು ವೈದ್ಯಕ್ಕೆ ವೈದ್ಯದ ಭಾಷೆಯಲ್ಲಿಯೇ ಹಾಕಿದ ಪ್ರಶ್ನೆ.

ಇಷ್ಟೆಲ್ಲ ಆದರೂ ಎದೆಯುರಿಯ ಮರ್ಮ ತಿಳಿಯಲಿಲ್ಲ. ಆಮ್ಲವಿದೆಯೆಂದು ಗೊತ್ತಾದ ಕೂಡಲೇ ಆಮ್ಲವೇ ವೈರಿಯೆಂಬ ನಿರ್ಣಯಕ್ಕೆ ಲೋಕ ಬಂದಿತು. ಸೋಡಾ, ಸುಣ್ಣ, ಮೆಗ್ನೀಷಿಯಾಗಳ ಪುಡಿಗಳು ಮನೆಮನೆಗೂ ಹೊಕ್ಕವು. 1915ರಲ್ಲಿ ಷಿಕಾಗೋದ ಬರ್ಟ್ರಂ ಸಿಪ್ಪಿ ಎಂಬ ವೈದ್ಯ ಜಠರದ ಹುಣ್ಣಿಗೆ ಗಂಟೆಗೊಮ್ಮೆ ಹಾಲು ಮತ್ತು ಕೆನೆ, ನಡುನಡುವೆ ಕ್ಷಾರದ ಪುಡಿ ಎಂಬ ಪಥ್ಯವನ್ನು ವಿಧಿಸಿದ. ಅದು ದಶಕಗಳ ಕಾಲ ನಡೆಯಿತು. ಹಾಲು ಕ್ಷಣಕಾಲ ತಂಪೆನಿಸಿದರೂ ಮತ್ತೆ ಆಮ್ಲವನ್ನು ಸ್ರವಿಸುವಂತೆ ಮಾಡುತ್ತದೆಂದೂ, ಹಾಲು ಕ್ಷಾರಗಳ ಅತಿಯಿಂದ ಕೆಲವರ ಮೂತ್ರಪಿಂಡ ಕೆಡುತ್ತದೆಂದೂ ಮುಂದೆ ತಿಳಿದುಬಂದಿತು. ಎದೆ ಉರಿದಾಗಲೆಲ್ಲ ಒಂದು ಲೋಟ ಹಾಲು ಎಂಬ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವುದು ವಿಚಾರಾರ್ಹ.

ದೃಷ್ಟಿ ಜಠರದಿಂದ ಅದರ ಬಾಗಿಲಿನ ಕಡೆಗೆ ಹೊರಳಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1935ರಲ್ಲಿ ನ್ಯೂಯಾರ್ಕಿನ ಆಷರ್ ವಿಂಕಲ್‌ಸ್ಟೀನ್, ಜಠರರಸದಿಂದಲೇ ಅನ್ನನಾಳ ಬೆಂದಿರಬಹುದಾದ ಐವರು ರೋಗಿಗಳನ್ನು ವರದಿ ಮಾಡಿದ. 1951ರಲ್ಲಿ ಇಂಗ್ಲೆಂಡಿನ ಫಿಲಿಪ್ ಆಲಿಸನ್, ಜಠರದ ಮೇಲ್ಭಾಗ ವಪೆಯ ಮೂಲಕ ಎದೆಗೂಡಿಗೆ ಸರಿದಾಗ ರಸ ಹಿಮ್ಮುಖವಾಗಿ ಹರಿಯುವುದನ್ನು ವಿವರಿಸಿದ. 1956ರಲ್ಲಿ ಅಮೆರಿಕದ ಸಂಶೋಧಕರು ಅನ್ನನಾಳದ ಕೆಳತುದಿಯಲ್ಲಿ ಒತ್ತಡವನ್ನು ಅಳೆದು, ಅಲ್ಲಿನ ಸ್ನಾಯು ಉಂಗುರದಂತೆ ಬಿಗಿದು ನಿಂತಿರುತ್ತದೆಂದು ತೋರಿಸಿದರು. 1980ರಲ್ಲಿ ಜಾನ್ ಡೆಂಟ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಆ ಉಂಗುರ ನುಂಗುವಾಗ ಮಾತ್ರವಲ್ಲ, ನುಂಗದೆ ಇರುವಾಗಲೂ ಆಗಾಗ ತಾನಾಗಿ ಸಡಿಲವಾಗುತ್ತದೆ. ತೇಗು ಹೊರಬರುವುದೂ ಹಾಗೆಯೇ. ಜಠರದ ಮೇಲ್ಭಾಗ ಉಬ್ಬಿದಷ್ಟೂ ಈ ಸಡಿಲಿಕೆ ಹೆಚ್ಚು. ಎದೆಯುರಿ ಇರುವ ಬಹುಮಂದಿಯಲ್ಲಿ ಆಮ್ಲದ ಪ್ರಮಾಣ ಇತರರಷ್ಟೇ ಇರುತ್ತದೆ. ಜಠರದಲ್ಲಿದ್ದಾಗ ಅದು ಅನ್ನವನ್ನು ಪಚಿಸಿ ಆಹಾರದೊಡನೆ ಬಂದ ರೋಗಾಣುಗಳನ್ನು ತಡೆಯುವ ಸೇವಕ. ಬಾಗಿಲು ದಾಟಿದರೆ ಮಾತ್ರ ಬೆಂಕಿ.

ಆದರೂ ಬಾಗಿಲನ್ನು ಸರಿಪಡಿಸುವ ಔಷಧ ದೊರೆಯಲಿಲ್ಲ. ದೊರೆತದ್ದು ಬೆಂಕಿಯನ್ನು ತಗ್ಗಿಸುವ ಔಷಧ. ಜೇಮ್ಸ್ ಬ್ಲ್ಯಾಕ್ ನೇತೃತ್ವದಲ್ಲಿ ರೂಪುಗೊಂಡ ಸಿಮೆಟಿಡಿನ್ 1976ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. ಅನಂತರ ಬಂದ ರ್‍ಯಾನಿಟಿಡಿನ್ ಮನೆಮಾತಾಯಿತು. ಅದರಲ್ಲಿ ಕ್ಯಾನ್ಸರ್‌ಕಾರಕವಾಗಬಲ್ಲ ಕಲ್ಮಶ ಕಂಡುಬಂದು 2020ರಲ್ಲಿ ಅಮೆರಿಕದಲ್ಲಿ ಹಿಂತೆಗೆಯಲ್ಪಟ್ಟಿತು, 2022ರಲ್ಲಿ ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದ ಬಿಟ್ಟುಹೋಯಿತು. 1988ರಲ್ಲಿ ಸ್ವೀಡನ್ನಿನಿಂದ ಬಂದ ಒಮೆಪ್ರಜೋಲ್ ಮತ್ತು ಅದರ ಬಳಗದ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್‌ಗಳು ಇಂದು ಮುಖ್ಯ ಚಿಕಿತ್ಸೆ. ಅನ್ನನಾಳದ ಬೆಂದ ಗಾಯವನ್ನು ಮಾಯಿಸುವಲ್ಲಿ ಇವುಗಳ ಗುಣ ನಿರ್ವಿವಾದ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಮಾತ್ರ ಪೂರ್ಣ ಫಲ. ಆದರೆ ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವವರು ಒಂದು ಸಂಗತಿಯನ್ನು ಅರಿಯಬೇಕು. 2009ರಲ್ಲಿ ಡೆನ್ಮಾರ್ಕಿನಲ್ಲಿ ಯಾವ ದೂರೂ ಇಲ್ಲದ ಆರೋಗ್ಯವಂತರಿಗೆ ಈ ಬಗೆಯ ಔಷಧವನ್ನು ಎಂಟು ವಾರ ಕೊಟ್ಟು ನಿಲ್ಲಿಸಿದಾಗ, ಅವರಲ್ಲಿ ಹಲವರಿಗೆ ಹೊಸದಾಗಿ ಎದೆಯುರಿ, ಹುಳಿತೇಗು ಕಾಣಿಸಿಕೊಂಡವು. ಒಮ್ಮೆಲೇ ಬಿಟ್ಟಾಗ ಉರಿ ಮರಳಿದರೆ ಔಷಧ ಜನ್ಮಕ್ಕೆ ಅಂಟಿತೆಂದು ತಿಳಿಯದೆ, ವೈದ್ಯರ ಸಲಹೆಯಂತೆ ಕ್ರಮೇಣ ತಗ್ಗಿಸಬೇಕು. ಶ್ರಾವಕರು ಕೇಳಿ ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಕ್ಯಾಪ್ಸೂಲಿನ ಹೊದಿಕೆಯನ್ನು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಎಲುಬುಗಳ ಜೆಲಟಿನ್‌ನಿಂದ ಮಾಡುತ್ತಾರೆ. ಒಮೆಪ್ರಜೋಲ್ ಹೆಚ್ಚಾಗಿ ಕ್ಯಾಪ್ಸೂಲಿನಲ್ಲಿ, ಪ್ಯಾಂಟೊಪ್ರಜೋಲ್ ಹೆಚ್ಚಾಗಿ ಮಾತ್ರೆಯ ರೂಪದಲ್ಲಿ ದೊರೆಯುತ್ತವೆ. ವೈದ್ಯರಿಗೆ ಮೊದಲೇ ಹೇಳಿದರೆ ಬದಲಾಯಿಸಿ ಬರೆದುಕೊಡುವುದು ಅವರಿಗೆ ಕಷ್ಟವಲ್ಲ.

ಬಾಗಿಲಿನ ಕೆಲಸ ರೋಗಿಯ ಕೈಯಲ್ಲಿಯೇ ಉಳಿದಿದೆ. ಒಮ್ಮೆಗೆ ಉಣ್ಣುವ ಪ್ರಮಾಣ ಕಡಿಮೆಯಾದರೆ ಜಠರ ಉಬ್ಬದು, ಉಂಗುರ ಸಡಿಲಗೊಳ್ಳದು. ಹೊಟ್ಟೆ ತುಂಬುವ ಮೊದಲೇ ಕೈತೊಳೆಯುವ ಅವಮೌದರ್ಯವನ್ನು ಬಾಹ್ಯ ತಪಸ್ಸುಗಳಲ್ಲಿ ಎಣಿಸಿದವರ ಉದ್ದೇಶ ಕರ್ಮನಿರ್ಜರೆಯೇ ಹೊರತು ಹುಳಿತೇಗಿನ ನಿವಾರಣೆಯಲ್ಲ. ತಪಸ್ಸನ್ನು ಔಷಧದ ಮಟ್ಟಕ್ಕೆ ಇಳಿಸಿ ಹೊಗಳುವ ಈಚಿನ ವಾಡಿಕೆ ಅಷ್ಟು ಸರಿಯೆನಿಸದು. ದೇಹಕ್ಕೆ ಆಗುವ ಉಪಕಾರ ಅದರ ಪಾಡಿಗೆ ಅದು ಆಗುತ್ತದೆ. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆಗಿಂತ ಕಡಿಮೆ ಅಂತರವಿದ್ದವರಲ್ಲಿ ಈ ರೋಗ ಹೆಚ್ಚೆಂದು ಜಪಾನಿನ ವೈದ್ಯರು 2005ರಲ್ಲಿ ಪ್ರಕಟಿಸಿದರು. ಸೂರ್ಯಾಸ್ತದ ಮೊದಲು ಉಣ್ಣುವವರಿಗೆ ಆ ಅಂತರ ತಾನಾಗಿ ದೊರೆಯುತ್ತದೆ. ಆದರೆ ರಾತ್ರಿ ಉಣ್ಣುವಂತಿಲ್ಲವೆಂದು ಸಂಜೆ ಅವಸರದಿಂದ ಎರಡರಷ್ಟು ಉಂಡರೆ, ಪಾರಣೆಯ ದಿನ ಕರಿದದ್ದು ಸಿಹಿಯಾದದ್ದು ಎಲ್ಲವನ್ನೂ ಒಟ್ಟಿಗೆ ತುಂಬಿಕೊಂಡರೆ, ವ್ರತ ಉಳಿದರೂ ಎದೆ ಉರಿಯದೆ ಇರದು. ಪರ್ವಕಾಲದ ಸಾಮೂಹಿಕ ಭೋಜನದ ವ್ಯವಸ್ಥೆ ನೋಡುವ ಬಸದಿಗಳ ಟ್ರಸ್ಟಿನವರು ವೃದ್ಧರಿಗಾಗಿ ಕರಿದದ್ದಲ್ಲದ ಒಂದೆರಡು ಪದಾರ್ಥಗಳನ್ನು ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ರಾತ್ರಿ ಉರಿ ಕಾಡುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಅಂಗುಲದ ಮರದ ದಿಮ್ಮಿ ಇಡುವುದು ಹಿತ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಹೊಟ್ಟೆ ಮಡಿಸಿ ಒತ್ತಡ ಹೆಚ್ಚೀತು. ಎಡಮಗ್ಗುಲಾಗಿ ಮಲಗಿದರೆ ಜಠರ ಅನ್ನನಾಳಕ್ಕಿಂತ ಕೆಳಗೆ ಬೀಳುತ್ತದೆ. ಬೊಜ್ಜು ಕರಗಿದರೆ, ತಂಬಾಕು ಬಿಟ್ಟರೆ ಗುಣ ಸ್ಪಷ್ಟ. ಕಾಫಿ, ಹುಳಿ, ಖಾರಗಳ ವಿಷಯದಲ್ಲಿ ಎಲ್ಲರಿಗೂ ಒಂದೇ ನಿಷೇಧಪಟ್ಟಿ ಸಲ್ಲದು. ಯಾರಿಗೆ ಯಾವುದು ಒಗ್ಗದೋ ಅವರು ಅದನ್ನು ಬಿಟ್ಟರೆ ಸಾಕು.

ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ ಮನೆಮದ್ದಿಗೆ ಕಾಯದೆ ಎಂಡೋಸ್ಕೋಪಿ ಮಾಡಿಸಬೇಕು. ದೀರ್ಘಕಾಲದ ಉರಿಯಿಂದ ಕೆಲವರಲ್ಲಿ ಅನ್ನನಾಳದ ಒಳಪದರ ಬದಲಾಗುತ್ತದೆ. ಅವರಲ್ಲಿ ಅಲ್ಪಸಂಖ್ಯೆಯವರಿಗೆ ಮುಂದೆ ಕ್ಯಾನ್ಸರ್ ಬರುವುದುಂಟು. ಎದೆಯನ್ನು ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಅದನ್ನು ಹುಳಿಯೆಂದು ಭಾವಿಸಿ ಸೋಡಾ ಕುಡಿಯುತ್ತ ಕೂಡಬಾರದು. ಅದು ಹೃದಯದ್ದೇ ಇರಬಹುದು. ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು.