ಅಂತರ್ಜಾಲದ ಅಶ್ಲೀಲಚಿತ್ರ ಮತ್ತು ಲೈಂಗಿಕ ನಿರೀಕ್ಷೆ

ಕಾಮವರ್ತನೆಯು ಕೇವಲ ಸಹಜಪ್ರವೃತ್ತಿಯಲ್ಲ, ಸಮಾಜದಿಂದ ಕಲಿತ ಪಾತ್ರವೆಂದು ಅಮೆರಿಕದ ಜಾನ್ ಗ್ಯಾಗ್ನನ್ ಮತ್ತು ವಿಲಿಯಂ ಸೈಮನ್ 1973ರಲ್ಲಿ ಪ್ರತಿಪಾದಿಸಿದ ಸಿದ್ಧಾಂತವು ಅಶ್ಲೀಲಚಿತ್ರದ ಪ್ರಭಾವದ ಅಧ್ಯಯನಕ್ಕೆ ಮುಖ್ಯ ತಳಹದಿಗಳಲ್ಲೊಂದಾಗಿದೆ. ಸಂಭಾವನೆ ಪಡೆದ ನಟರು ಅಭಿನಯಿಸಿ, ಸಂಕಲನಕಾರನು ಬೇಸರದ ಭಾಗಗಳನ್ನು ಕತ್ತರಿಸಿ ಸಿದ್ಧಗೊಳಿಸಿದ ಅಶ್ಲೀಲಚಿತ್ರದ ದೃಶ್ಯಗಳಲ್ಲಿ ಪರಸ್ಪರ ಸಮ್ಮತಿಯ ಮಾತಾಗಲಿ ಕಾಂಡೋಮಿನ ಬಳಕೆಯಾಗಲಿ ವಿರಳವಾದುದರಿಂದ, ಬೇರೆ ಶಿಕ್ಷಣವಿಲ್ಲದ ಎಳೆಯ ಪ್ರೇಕ್ಷಕನು ಶರೀರದ ಆಕಾರ, ಸುಖದ ಅವಧಿ, ಸಂಗಾತಿಯ ಇಚ್ಛೆ ಇವೆಲ್ಲವನ್ನೂ ತಪ್ಪು ಮಾನದಂಡದಿಂದ ಅಳೆಯತೊಡಗುವುದು ಅಚ್ಚರಿಯಲ್ಲ. ಬ್ರಿಟನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಇಂತಹ ಚಿತ್ರಗಳನ್ನು ಕಂಡಿದ್ದ ಹುಡುಗರಲ್ಲಿ ಶೇಕಡಾ 53ರಷ್ಟು, ಹುಡುಗಿಯರಲ್ಲಿ ಶೇಕಡಾ 39ರಷ್ಟು ಮಂದಿ ಅವನ್ನು ವಾಸ್ತವವೆಂದೇ ಎಣಿಸಿದ್ದರು. ವೀಕ್ಷಣೆಗೂ ಅಭಿಪ್ರಾಯಕ್ಕೂ ಸಂಬಂಧವಿರುವುದನ್ನು ಸಂಶೋಧಕರು ಪದೇಪದೇ ಕಂಡಿರುವರಾದರೂ, ಅವುಗಳಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬ ವಿವಾದವು ಇನ್ನೂ ಇತ್ಯರ್ಥವಾಗಿಲ್ಲ.