ದನದ ಮಾರಿ, ಜನದ ಮಾರಿ: ಹುಣಸೂರು ಸೀಮೆಯ ರೋಗಸ್ಮೃತಿ ಮತ್ತು ಸೂಕ್ಷ್ಮಾಣು ವಿಜ್ಞಾನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನೊಳಗೊಂಡ ಮೈಸೂರು ಜಿಲ್ಲೆಯ ಪಶ್ಚಿಮ ಸೀಮೆಯಲ್ಲಿ ಮಾರಿಗುಡಿಯಿಲ್ಲದ ಊರು ಅಪರೂಪ. ಈ ಗುಡಿಗಳನ್ನು ಕುರಿತು ಜಾನಪದ ವಿದ್ವಾಂಸರು ಬರೆದಿರುವುದು ಕಡಿಮೆಯೇನಲ್ಲ. ಆದರೆ ಆ ಬರವಣಿಗೆಯ ಹೆಚ್ಚಿನ ಭಾಗ ದೇವತೆಯ ಕಥೆ, ಪೂಜೆಯ ಹಕ್ಕು, ಬಲಿಯ ವಿಧಾನಗಳ ಸುತ್ತಲೇ ನಿಂತಿದೆ. ಮಾರಿಯ ಆಚರಣೆಯನ್ನು ರೋಗದ ಇತಿಹಾಸಕ್ಕೆ ಆಕರವೆಂದು ಬಗೆದು ಓದುವ ಕೆಲಸ ಇನ್ನೂ ಆಗಬೇಕಾಗಿದೆ. ಈಚಿನ ಸೂಕ್ಷ್ಮಾಣು ಸಂಶೋಧನೆಗಳು ಅಂಥ ಓದಿಗೆ ಅನಿರೀಕ್ಷಿತ ನೆರವು ನೀಡುತ್ತಿವೆ.

ಜನಪದರ ‘ಅಮ್ಮ’ ಎಂಬ ಮಾತು ಒಂದು ರೋಗದ ಹೆಸರಲ್ಲ. ಸಿಡುಬು, ಸೀತಾಳೆ ಸಿಡುಬು, ದಡಾರ ಮೂರನ್ನೂ ‘ಅಮ್ಮ ಎದ್ದಿದ್ದಾಳೆ’ ಎಂದೇ ಹೇಳುವುದುಂಟು. ಮನೆಯಲ್ಲಿ ಒಗ್ಗರಣೆ ನಿಲ್ಲುತ್ತದೆ, ಬೇವಿನ ಸೊಪ್ಪು ಬಾಗಿಲಿಗೆ ಬರುತ್ತದೆ, ಹೊರಗಿನವರ ಬರವು ನಿಲ್ಲುತ್ತದೆ. ರೋಗ ಇಳಿದ ಮೇಲೆ ನೀರು ಹಾಕಿ, ಮೊಸರನ್ನದ ತಳಿಗೆಯೊಪ್ಪಿಸಿ ಅಮ್ಮನನ್ನು ಕಳುಹಿಸುತ್ತಾರೆ. ಪ್ರಯೋಗಾಲಯದ ಕಣ್ಣಿಗೆ ಇವು ಪರಸ್ಪರ ಸಂಬಂಧವಿಲ್ಲದ ಮೂರು ವೈರಸ್ಸುಗಳು. ಜನಪದರ ವಿಂಗಡಣೆ ಮೈಮೇಲಿನ ಗುಳ್ಳೆಯನ್ನು ನೋಡಿ ಮಾಡಿದ್ದು. ಅದನ್ನು ಅಜ್ಞಾನವೆನ್ನುವುದು ಎಷ್ಟು ತಪ್ಪೋ ಗುಪ್ತವಿಜ್ಞಾನವೆನ್ನುವುದೂ ಅಷ್ಟೇ ತಪ್ಪು.

ಮಾರಿ ಮನುಷ್ಯರಿಗಷ್ಟೇ ಸೀಮಿತಳಲ್ಲ, ದನಕ್ಕೂ ಬರುತ್ತಾಳೆ. ಈ ಸೀಮೆಯ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿ ಆರಂಭಗೊಂಡು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಪಶುಸಂಪತ್ತು ಶ್ರೀರಂಗಪಟ್ಟಣದ ಪತನಾನಂತರ ಕಂಪೆನಿಯ ಸೈನ್ಯಕ್ಕೆ ಎತ್ತುಗಳನ್ನೊದಗಿಸುವ ವ್ಯವಸ್ಥೆಯಾಗಿ ಮಾರ್ಪಟ್ಟಿತು, ಅದರ ಕೇಂದ್ರ ಹುಣಸೂರು. ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೆಯ್ಗೆ, ಗಾಡಿ ತಯಾರಿಕೆಗಳಿಂದ ಊರು ಬೆಳೆಯಿತು. ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯ ದನಗಳ ಜಾತ್ರೆ ಇಂದಿಗೂ ಹೆಸರುವಾಸಿ. ದನಗಳು ಸಾವಿರಗಟ್ಟಲೆ ಒಂದೆಡೆ ಸೇರುವಲ್ಲಿ ರೋಗವೂ ಸೇರುತ್ತದೆ. ಚಪ್ಪೆರೋಗ, ಗಂಟಲುಬೇನೆ, ಕಾಲುಬಾಯಿ ಜ್ವರಗಳಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಬಾಯಿ ಹುಣ್ಣಾಗಿ, ಕಣ್ಣುಮೂಗು ಸೋರಿ, ಭೇದಿಯಾಗಿ ದಿನಗಳೊಳಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಉಳುವ ಜೋಡಿ ಸತ್ತರೆ ಒಕ್ಕಲು ಆ ವರ್ಷ ಉಳುವಂತಿಲ್ಲ. ದನದ ಸಾವು ಮನುಷ್ಯರ ಹಸಿವಾಗಿ ಮನೆಗೆ ಬರುತ್ತಿತ್ತು.

ಇಲ್ಲಿಯೇ ವಿಜ್ಞಾನದ ಒಂದು ಶೋಧವನ್ನು ಗಮನಿಸಬೇಕು. ಮನುಷ್ಯರ ದಡಾರದ ವೈರಸ್ಸು, ದನಗಳ ರಿಂಡರ್‌ಪೆಸ್ಟ್ ವೈರಸ್ಸು ಒಂದೇ ಮೂಲದಿಂದ ಕವಲೊಡೆದವು. 1912ರಲ್ಲಿ ಬರ್ಲಿನ್ನಿನಲ್ಲಿ ಮರಣಿಸಿದ ದಡಾರ ರೋಗಿಯೊಬ್ಬರ ಶ್ವಾಸಕೋಶದ ತುಣುಕೊಂದು ಅಲ್ಲಿನ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದ ವೈರಸ್ಸಿನ ಜೀನೋಮನ್ನು ಪಡೆದು ಹೋಲಿಸಿದ ಸಂಶೋಧಕರು, ಈ ಕವಲು ಕ್ರಿಸ್ತಪೂರ್ವ 6ನೆಯ ಶತಮಾನದಷ್ಟು ಹಿಂದೆಯೇ ಒಡೆದಿರಬಹುದೆಂದು 2020ರಲ್ಲಿ ಪ್ರಕಟಿಸಿದರು. ಲಕ್ಷಗಟ್ಟಲೆ ಜನ ಒತ್ತಾಗಿ ನೆಲೆಸಿದ ನಗರಗಳು ಹುಟ್ಟಿದ ಮೇಲೆಯೇ ದಡಾರ ಮನುಷ್ಯರಲ್ಲಿ ಶಾಶ್ವತವಾಗಿ ನೆಲೆಯೂರಲು ಸಾಧ್ಯ ಎಂಬ ತರ್ಕಕ್ಕೂ ಇದು ಹೊಂದುತ್ತದೆ. ದನದ ಮಾರಿಯೂ ಜನದ ಮಾರಿಯೂ ಅಕ್ಕತಂಗಿಯರು ಎಂದರೆ ಇನ್ನು ಅಲಂಕಾರವಾಗದು. ಆದರೆ ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿದ್ದರೆಂದು ಹೇಳುವ ಉತ್ಸಾಹವನ್ನು ತಡೆದುಕೊಳ್ಳಬೇಕು. ಅವರಿಗೆ ಗೊತ್ತಿದ್ದದ್ದು ಕೊಟ್ಟಿಗೆ ಮತ್ತು ಅಡುಗೆಮನೆಗಳ ನಡುವೆ ಒಂದೇ ಗೋಡೆಯಿರುವ ಬದುಕು. ಇಬ್ಬರ ಸಂಕಟಕ್ಕೂ ಒಬ್ಬಳೇ ದೇವತೆಯೆಂಬ ಭಾವನೆ ಅಲ್ಲಿಂದ ಬಂದಿರಬೇಕು.

ದೊಡ್ಡರೋಗದ ಅಂತ್ಯವೂ ಇತಿಹಾಸವೇ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಆರಂಭವಾಯಿತು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಬಂದಿತು. ಭಾರತದಲ್ಲಿ ಕೊನೆಯ ಪ್ರಕರಣ 1995ರಲ್ಲಿ ಕಂಡಿತು. 2011ರಲ್ಲಿ ಇಡೀ ಭೂಮಿಯಿಂದಲೇ ಈ ರೋಗ ನಿರ್ಮೂಲವಾಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಘೋಷಿಸಿತು. ಮನುಷ್ಯಪ್ರಯತ್ನದಿಂದ ಭೂಮಿಯಿಂದಲೇ ತೊಲಗಿದ ರೋಗಗಳು ಎರಡೇ: 1980ರಲ್ಲಿ ಸಿಡುಬು, ಆಮೇಲೆ ಇದು. ಎರಡೂ ನಮ್ಮ ಮಾರಿಯ ಮುಖ್ಯ ರೂಪಗಳಾಗಿದ್ದವೆಂಬುದು ಗಮನಾರ್ಹ.

ಸಿಡುಬಿನ ವಿಷಯದಲ್ಲಿ ಮೈಸೂರು ಅರಮನೆಗೆ ಸ್ವಂತ ನೋವಿತ್ತು. ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡದ್ದು ಸಿಡುಬಿನಿಂದ. ಹತ್ತೇ ವರ್ಷಗಳಲ್ಲಿ ಆ ಮನೆಯ ಕಿರಿಯ ರಾಣಿ ದೇವಾಜಮ್ಮಣ್ಣಿ ಜೆನ್ನರನ ಗೋವಿನ ಸಿಡುಬಿನ ಲಸಿಕೆ ಹಾಕಿಸಿಕೊಂಡರು. ಅದನ್ನು ಕಂಡು ಪ್ರಜೆಗಳೂ ಮುಂದೆ ಬಂದರೆಂದು 1806ರ ದಾಖಲೆ ಹೇಳುತ್ತದೆ. ಥಾಮಸ್ ಹಿಕ್ಕಿ ಬರೆದ ಮೂವರು ರಾಣಿಯರ ಚಿತ್ರ ಇದರ ಪ್ರಚಾರಕ್ಕಾಗಿಯೇ ಎಂಬ ವಾದವಿದೆ. ಅದು ಒಂದು ಊಹೆ ಮಾತ್ರ. ಆದರೂ ಮನುಷ್ಯರ ಅಮ್ಮನನ್ನು ತಡೆಯಲು ಹಸುವಿನ ರೋಗ ಬಂದದ್ದು ನಿಜ. 2022ರಲ್ಲಿ ರಾಜ್ಯದ ದನಗಳಿಗೆ ಚರ್ಮಗಂಟು ರೋಗ ಹರಡಿದಾಗ ಬಳಸಿದ್ದು ಮೇಕೆಯ ಸಿಡುಬಿನ ಲಸಿಕೆ. ಆ ರೋಗದ ವೈರಸ್ಸು ಸಿಡುಬಿನ ವಂಶದ್ದೇ.

1898ರಲ್ಲಿ ಸಂಸ್ಥಾನಕ್ಕೆ ಬಂದ ಪ್ಲೇಗು ಪ್ರತ್ಯೇಕ ಲೇಖನಕ್ಕೆ ವಸ್ತು. ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹೂಡುವ ಪದ್ಧತಿ ಮಾತ್ರ ಇಲ್ಲಿ ಪ್ರಸ್ತುತ. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂದು ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದೂ ಅದೇ 1898ರಲ್ಲಿ. ಆತನ ಮಾತನ್ನು ವಿದ್ವಾಂಸರು ಒಪ್ಪಲು ವರ್ಷಗಳೇ ಹಿಡಿದವು.

ಇಲಿ ಬೀಳುವುದನ್ನು ಊರಿನವರು ಓದಿದಂತೆ ಇಂದು ಕಾಡಂಚಿನವರು ಮಂಗ ಬೀಳುವುದನ್ನು ಓದಬೇಕಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ದಶಕಗಳ ಕಾಲ ಮಲೆನಾಡಿನ ರೋಗವೆನಿಸಿತ್ತು. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಅವುಗಳ ವಿಲೇವಾರಿ ಮಾಡಿದವರಲ್ಲಿ ಸೋಂಕು ಕಂಡಿತು. ಅನಂತರ ವಯನಾಡಿನ ಆದಿವಾಸಿಗಳು ಬಲಿಯಾದರು. ಹೆಗ್ಗಡದೇವನಕೋಟೆಯ ಕಾಡು ಈ ಎರಡಕ್ಕೂ ಹೊಂದಿಕೊಂಡಿದೆ. ರೋಗವನ್ನು ಸಾಗಿಸುವುದು ಉಣ್ಣೆ. ಅದರ ಮರಿಗಳು ಚಳಿಗಾಲದಿಂದ ಬೇಸಗೆಯವರೆಗೆ ತರಗೆಲೆಯಲ್ಲಿ ತುಂಬಿರುತ್ತವೆ. ಜೇನುಕುರುಬರು, ಕಾಡುಕುರುಬರು ಸೌದೆಗೆ, ಕಲ್ಲುಹೂವಿಗೆ, ಜೇನಿಗೆ ಕಾಡು ಹೊಗುವ ದಿನಗಳೊಡನೆ ಈ ಕಾಲ ಸೇರಿಕೊಳ್ಳುತ್ತದೆ. ದಶಕಗಳ ಕಾಲ ಬಳಕೆಯಲ್ಲಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು; ಹೊಸ ಲಸಿಕೆಯನ್ನು ರೂಪಿಸುವ ಕೆಲಸ ಆರಂಭವಾಗಿದೆ. ಅಲ್ಲಿಯವರೆಗೆ ಮೈಗೆ ಹಚ್ಚುವ ಡೇಪಾ ತೈಲ, ಸತ್ತ ಮಂಗದ ಸುದ್ದಿ ತಕ್ಷಣ ಮುಟ್ಟಿಸುವುದು, ಆ ಜಾಗಕ್ಕೆ ಹೋಗದಿರುವುದು ಮುಖ್ಯ ಆಸರೆ.

ಕಾಡಿನಲ್ಲಿ ಮಂಗದ ಸಾವನ್ನು ಮೊದಲು ಕಾಣುವವರು ಈ ಹಾಡಿಗಳ ಜನ. ಉಣ್ಣೆಯ ಬಗೆಗಳಿಗೆ, ಅದು ಹೆಚ್ಚುವ ಋತುವಿಗೆ, ಮುಸಿಯ ಮತ್ತು ಕೋತಿಗಳ ನಡವಳಿಕೆಗೆ ಅವರ ನುಡಿಯಲ್ಲಿರುವ ಹೆಸರುಗಳನ್ನು ಹಾಡಿ ಹಾಡಿಗೆ ಹೋಗಿ ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ಕೆಲಸ. ಪ್ರಮಾಣ ಕನ್ನಡದಲ್ಲಿ ಅಚ್ಚಾದ ಎಚ್ಚರಿಕೆಯ ಕರಪತ್ರಗಳನ್ನು ಆ ಮಾತುಗಳಲ್ಲಿ ಪುನಃ ಬರೆಯುವುದಕ್ಕಾದರೂ ಅದು ಬೇಕು.